ಸ್ಪೆಕ್ಟ್ರಮ್ ದಾಳದ ಆಟ: ಐದು ದಾಳಕ್ಕೂ ಒಂದೇ ಅಂಕೆ ಬೀಳುವುದು ಯಾಕೆ?

ಕದ್ರಿ_48ಕೆ:
ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಎಂಬ ಹಳೆಯ ಮನೆ ಕಂಪ್ಯೂಟರಿಗೆ, ಅದರ ಭಾಷೆ ಬೇಸಿಕ್‌ನಲ್ಲಿ ಬರೆದ ಐದು ದಾಳದ ಆಟ. ಯಾರೋ ಹವ್ಯಾಸಕ್ಕೆ ಬರೆದು ಶೇರ್‌ವೇರ್ ಅಂತ ಹಂಚಿದ್ದು. ಮೊದಲ ಪರದೆಯಲ್ಲೇ ಬದಲಾಯಿಸದೆ ಪ್ರತಿ ಮಾಡಿ ಹಂಚಿ, ಇಷ್ಟವಾದರೆ ಹಣ ಕಳಿಸಿ ಅಂತ ಉಂಟು. ದಾಳ ಹಾಕಿದಾಗಲೆಲ್ಲ 4-4-4-4-4, ಇಲ್ಲವಾದರೆ 2-2-2-3-3, ಹೀಗೇ ಬೀಳ್ತದೆ. ಕ್ಯಾಸೆಟ್ ಹಾಳಾಗಿ ಹೀಗಾ? ಲೋಡ್ ಆಗುವುದೂ ಮೂರರಲ್ಲಿ ಒಂದು ಸಲ, ಉಳಿದಂತೆ ಟೇಪ್ ಲೋಡಿಂಗ್ ಎರರ್. ಲೋಡ್ ಆದ ಕೂಡಲೇ ತಾನಾಗಿ ಓಡ್ತದೆ, ಬ್ರೇಕ್ ಒತ್ತಿದರೆ ಮಶೀನೇ ಕ್ರ್ಯಾಶ್. ಪ್ರೋಗ್ರಾಮಿನ ಸಾಲುಗಳ ಲಿಸ್ಟ್ ನೋಡುವುದು ಹೇಗೆ?

ಮಲ್ಪೆ_ಝಡ್80:
ಕ್ಯಾಸೆಟ್ ತಪ್ಪಲ್ಲ ಮಾರಾಯ್ರೆ. ಟೇಪಿನ ಪ್ರತಿ ಬ್ಲಾಕಿನ ಕೊನೆಗೆ ತಪ್ಪು ಹಿಡಿಯಲು ಒಂದು ಪ್ಯಾರಿಟಿ ಬೈಟ್ ಇರ್ತದೆ, ಒಂದು ಬಿಟ್ ಕೆಟ್ಟರೂ ಲೋಡ್ ನಿಲ್ತದೆ. ಲೋಡ್ ಆಯ್ತು ಅಂದರೆ ಪ್ರೋಗ್ರಾಮ್ ಬರೆದ ಹಾಗೇ ಉಂಟು.

ಲೋಡ್ ಬದಲು ಮರ್ಜ್ ಕೊಡಿ, ಆಗ ತಾನಾಗಿ ಓಡುವುದಿಲ್ಲ. ಕ್ಯಾಪ್ಸ್ ಶಿಫ್ಟ್, ಸಿಂಬಲ್ ಶಿಫ್ಟ್ ಎರಡೂ ಒಟ್ಟಿಗೆ ಒತ್ತಿ ಬಿಟ್ಟು, ಮತ್ತೆ ಸಿಂಬಲ್ ಶಿಫ್ಟ್ ಹಿಡಿದು ಟಿ. ಆಮೇಲೆ ಡಬಲ್ ಕೋಟ್ ಎರಡು. ಕ್ರ್ಯಾಶ್ ಆಗುವುದು ಬಹುಶಃ ಮೆಮೊರಿಯ 23659ನೇ ಜಾಗಕ್ಕೆ 0 ಪೋಕ್ ಮಾಡಿದ್ದರಿಂದ, ಅಂದರೆ ನೇರ ಬರೆದದ್ದರಿಂದ. ಪರದೆಯ ಕೆಳಭಾಗಕ್ಕೆ ಒಂದು ಸಾಲೂ ಉಳಿಯದೆ, ಬ್ರೇಕ್ ಸಂದೇಶ ಬರೆಯಲು ಹೋಗಿ ಸಿಸ್ಟಮ್ ಬೀಳ್ತದೆ. ಕಳ್ಳನಿಗೆ ಹಾಕಿದ ಬೀಗ, ಹಳೆಯದು.

ದಾಳ ಹಾಕುವ ಫಾರ್-ನೆಕ್ಸ್ಟ್ ಲೂಪಿನ (ಮತ್ತೆ ಮತ್ತೆ ಓಡುವ ಸಾಲುಗಳ) ಒಳಗೆ ರ‍್ಯಾಂಡಮೈಜ್ ಕೂತಿದೆಯಾ ನೋಡಿ. ಅಂಕೆ ಕೊಡದ ರ‍್ಯಾಂಡಮೈಜ್, ಸೆಕೆಂಡಿಗೆ 50 ಸಲ ಏರುವ ಫ್ರೇಮ್ (ಟಿವಿ ಚಿತ್ರ) ಎಣಿಕೆಯನ್ನು ಬೀಜವಾಗಿ, ಅಂದರೆ ಮುಂದಿನ ಅಂಕೆಗಳೆಲ್ಲ ಹುಟ್ಟುವ ಮೊದಲ ಅಂಕೆಯಾಗಿ ತೆಗೆದುಕೊಳ್ತದೆ. ಆರ್‌ಎನ್‌ಡಿ (ದಾಳಕ್ಕೆ ಅಂಕೆ ಕೊಡುವ ಫಂಕ್ಷನ್) ಆ ಬೀಜಕ್ಕೆ 1 ಕೂಡಿಸಿ, 75ರಿಂದ ಗುಣಿಸಿ, 65537ರಿಂದ ಭಾಗಿಸಿದ ಶೇಷದಲ್ಲಿ 1 ಕಳೀತದೆ. ಅದನ್ನು 65536ರಿಂದ ಭಾಗಿಸಿದ್ದೇ ಉತ್ತರ. ಅಂದರೆ ಪ್ರತಿ ದಾಳಕ್ಕೂ ಬೀಜ ಹೊಸದಾಗಿ ಕೂತರೆ, ಒಂದು ಫ್ರೇಮಿಗೆ ಉತ್ತರ ಸರಿಯುವುದು 65536ರಲ್ಲಿ 75 ಪಾಲು ಮಾತ್ರ. ದಾಳದ ಒಂದು ಮುಖ ದಾಟಲು ಸುಮಾರು 146 ಫ್ರೇಮ್, ಹತ್ತಿರ ಹತ್ತಿರ 3 ಸೆಕೆಂಡ್ ಬೇಕು. ಐದು ದಾಳ ಒಂದು ಸೆಕೆಂಡಿನಲ್ಲಿ ಬಿದ್ದರೆ ಎಲ್ಲವೂ ಒಂದೇ ಮುಖದಲ್ಲಿ, ಹೆಚ್ಚೆಂದರೆ ಪಕ್ಕದ್ದರಲ್ಲಿ. ಗಮನಿಸಿ, ಅಂಕೆ ಒಂದು ಮೆಟ್ಟಿಲು ಹತ್ತುತ್ತದೆ, 6 ಆದರೆ 1ಕ್ಕೆ ಹೋಗ್ತದೆ. ಇಳಿಯುವುದೇ ಇಲ್ಲ.

ಉಡುಪಿ_ಟೇಪ್‌ಹೆಡ್:
ಲೋಡಿನ ಬಗ್ಗೆ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇ ಮಾಡ್ಬೇಡಿ, ನಮ್ಮ ಮಳೆಗಾಲದ ಬೂಷ್ಟು ಹೆಡ್‌ಗೂ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗ್ತದೆ. ಇಲ್ಲದಿದ್ದರೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ, ಟೇಪನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ಓಡಿಸಿ. ವಾಲ್ಯೂಮ್ ಮುಕ್ಕಾಲಿನಿಂದ ಶುರು ಮಾಡಿ. ಬಾರ್ಡರ್‌ನಲ್ಲಿ ಕೆಂಪು-ತಿಳಿನೀಲಿ ಪಟ್ಟಿ ಸಮನಾಗಿ ನಿಂತ ಮೇಲೆ ನೀಲಿ-ಹಳದಿ ಸಣ್ಣ ಗೆರೆ ಬರಬೇಕು. ಪಟ್ಟಿ ನಿಲ್ಲುವುದೇ ಇಲ್ಲವಾದರೆ ವಾಲ್ಯೂಮ್. ನಿಂತು ಮಧ್ಯೆ ಕೈಕೊಟ್ಟರೆ ಅಜಿಮತ್ ಸ್ಕ್ರೂ (ಹೆಡ್ಡಿನ ಓರೆ ಸರಿಮಾಡುವುದು), ಸದ್ದು ಅತ್ಯಂತ ಚೂಪಾಗಿ ಕೇಳುವವರೆಗೆ ಕೂದಲೆಳೆಯಷ್ಟೇ ತಿರುಗಿಸಿ. ಒಮ್ಮೆ ಲೋಡ್ ಆದ ಕೂಡಲೇ ಅದೇ ಹೊಂದಾಣಿಕೆಯಲ್ಲಿ 44100 ಹರ್ಟ್ಸ್, ಮೋನೊ ವೇವ್ ಫೈಲಾಗಿ ರೆಕಾರ್ಡ್ ಮಾಡಿ. ಎಂಪಿ3 ಬೇಡವೇ ಬೇಡ.

ಕದ್ರಿ_48ಕೆ:
ಸರಿ, ಲೂಪಿನ ಒಳಗೇ ಇತ್ತು. ಅಳಿಸಿದೆ. ಈಗ ಆನ್ ಮಾಡಿ ಲೋಡ್ ಮಾಡಿದಾಗಲೆಲ್ಲ ಮೊದಲ ಸಲ ಬೀಳುವುದು 1-1-3-5-2!

ಮಲ್ಪೆ_ಝಡ್80:
ಅದು ಬರಲೇಬೇಕು. ಆನ್ ಮಾಡಿದಾಗ ಬೀಜ 0. ಅಲ್ಲಿಂದ ಬರುವುದು 74, 5624, 28652, 51790, 17641. ಒಂದೊಂದನ್ನೂ 65536ರಿಂದ ಭಾಗಿಸಿ, 6ರಿಂದ ಗುಣಿಸಿ, ಇಂಟ್ ಹಾಕಿ (ದಶಮಾಂಶ ಬಿಟ್ಟು), 1 ಕೂಡಿಸಿ ನೋಡಿ, ನಿಮ್ಮ ಐದು ದಾಳವೇ. ಮೊದಲ ಪರದೆಯಲ್ಲಿ ಪಾಜ್ 0 (ಕೀ ಒತ್ತುವವರೆಗೆ ಕಾಯುವ ಆಜ್ಞೆ) ಹಾಕಿ, ಕೀ ಒತ್ತಿದ ನಂತರದ ಸಾಲಿನಲ್ಲಿ ರ‍್ಯಾಂಡಮೈಜ್ ಒಂದೇ ಸಲ. ಒತ್ತುವ ಕ್ಷಣ ಪ್ರತಿ ಸಲ ಬೇರೆ, ಹಾಗಾಗಿ ಬೀಜವೂ ಬೇರೆ. ಈಗಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್ ಹಾಗೆ ನಡೆಯುವ ಎಮ್ಯುಲೇಟರ್‌ನಲ್ಲಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಮೆಮೊರಿಯ ಪ್ರತಿ) ಮಾಡುವುದಿದ್ದರೆ ಈ ಪರದೆಯಲ್ಲೇ, ಕೀ ಒತ್ತುವ ಮೊದಲು ಮಾಡಿ. ಫ್ರೇಮ್ ಎಣಿಕೆಯೂ ಬೀಜವೂ ಸ್ನ್ಯಾಪ್‌ಶಾಟಿನ ಒಳಗೇ ಉಳಿಯುವುದರಿಂದ, ಒತ್ತಿದ ಮೇಲೆ ಮಾಡಿದರೆ ತೆರೆದಾಗಲೆಲ್ಲ ಅದೇ ದಾಳ.

ಉಡುಪಿ_ಟೇಪ್‌ಹೆಡ್:
ತಿದ್ದಿದ್ದನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ. ಬರೆದವರು ಬದಲಾಯಿಸದೆ ಹಂಚಿ ಅಂದಿದ್ದಾರಲ್ಲ, ಬೇರೆಯವರಿಗೆ ಕೊಡುವುದಿದ್ದರೆ ಮೂಲದ್ದನ್ನೇ ಕೊಟ್ಟು, ತಿದ್ದುವ ಎರಡು ಸಾಲನ್ನು ಚೀಟಿಯಲ್ಲಿ ಬರೆದು ಕೊಡಿ.