ಎಫ್‌ಎಂ 24: 70ನೇ ನಿಮಿಷದ ನಂತರ ಒಂದೇ ತರಹದ ಗೋಲು, 19ರ ವಿಂಗರ್ ಬೆಳೆಯುವುದೂ ಇಲ್ಲ

ಉಪ್ಪಳ_ಎಡಬದಿ
ಫುಟ್‌ಬಾಲ್ ಮ್ಯಾನೇಜರ್ 24 (ಎಫ್‌ಎಂ 24) ಗೇಮ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡದ ಸೇವ್, ಎರಡನೇ ಸೀಸನ್. ಫಾರ್ಮೇಶನ್ 4-2-3-1, ಮೆಂಟಾಲಿಟಿ ಅಟ್ಯಾಕಿಂಗ್. ಡಿಫೆನ್ಸಿವ್ ಲೈನ್ ‘ಮಚ್ ಹೈಯರ್’, ಹೈ ಪ್ರೆಸ್, ಟ್ರಿಗರ್ ಪ್ರೆಸ್ ‘ಮಚ್ ಮೋರ್ ಆಫನ್’, ‘ಸ್ಟೆಪ್ ಅಪ್ ಮೋರ್’ (ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸಲು ಲೈನ್ ಮುಂದೆ ಬರುವುದು) ಕೂಡ ಉಂಟು.

ರೋಲ್‌ಗಳು (ಕೊನೆಯ ಪದ ಡ್ಯೂಟಿ: ಅಟ್ಯಾಕ್ ಎಂದರೆ ಮುನ್ನುಗ್ಗುವವ, ಡಿಫೆಂಡ್ ಎಂದರೆ ಹಿಂದೆ ಉಳಿಯುವವ, ಸಪೋರ್ಟ್ ಎರಡರ ನಡುವೆ): ಸ್ವೀಪರ್ ಕೀಪರ್ ಅಟ್ಯಾಕ್, ಎರಡೂ ಬದಿ ವಿಂಗ್ ಬ್ಯಾಕ್ ಅಟ್ಯಾಕ್, ಸ್ಟಾಪರ್‌ಗಳಿಬ್ಬರೂ (ಮಧ್ಯದ ಡಿಫೆಂಡರ್‌ಗಳು) ಬಾಲ್ ಪ್ಲೇಯಿಂಗ್ ಡಿಫೆಂಡರ್. ನಡುವೆ ಬಾಕ್ಸ್ ಟು ಬಾಕ್ಸ್ ಮತ್ತು ಮೆಜ್ಜಾಲ (ಬದಿಯತ್ತ ಸರಿದು ಮುಂದೆ ಹೋಗುವ ಮಿಡ್‌ಫೀಲ್ಡರ್) ಸಪೋರ್ಟ್. ಎಡಕ್ಕೆ ಇನ್‌ಸೈಡ್ ಫಾರ್ವರ್ಡ್, ಬಲಕ್ಕೆ ವಿಂಗರ್, ಮಧ್ಯೆ ಶ್ಯಾಡೋ ಸ್ಟ್ರೈಕರ್, ಮುಂದೆ ಅಡ್ವಾನ್ಸ್‌ಡ್ ಫಾರ್ವರ್ಡ್, ಈ ನಾಲ್ವರೂ ಅಟ್ಯಾಕ್.

ಒಂದು ಗಂಟೆ ಎದುರಾಳಿಗೆ ಚೆಂಡು ಸಿಗುವುದೇ ಕಷ್ಟ. 70 ದಾಟಿದ ಮೇಲೆ ಸ್ಟಾಪರ್‌ಗಳ ತಲೆ ಮೇಲಿಂದ ಒಂದು ಉದ್ದ ಪಾಸ್, ಗೋಲು. ಗೆಲ್ಲಬೇಕಾದ ಪಂದ್ಯ ಡ್ರಾ. ಇನ್ನೊಂದು, 19 ವರ್ಷದ ಎಡ ವಿಂಗರ್ ಒಬ್ಬ ಇದ್ದಾನೆ, ಕೋಚ್ ವರದಿಯಲ್ಲಿ ಸ್ಟಾರ್ ಚೆನ್ನಾಗಿವೆ. ಆದರೆ ಅಟ್ರಿಬ್ಯೂಟ್ ಏರುತ್ತಿಲ್ಲ, ಎರಡು ಮೂರು ಕಡೆ ಕೆಂಪು ಬಾಣ. ಫಾರ್ಮೇಶನ್ನೇ ಬದಲಿಸಬೇಕಾ?

ಕುಂಬ್ಳೆ_ಸ್ಟಾಪರ್
ಫಾರ್ಮೇಶನ್ ಮುಟ್ಟಬೇಡ ಮಾರಾಯ. ಸ್ಟಾಪರ್‌ಗಳಿಬ್ಬರ ಪೇಸ್, ಆ್ಯಕ್ಸಲರೇಶನ್, ಆ್ಯಂಟಿಸಿಪೇಶನ್ ಎಷ್ಟೆಂದು ಹಾಕು. ಗೋಲಿಯ ‘ರಶಿಂಗ್ ಔಟ್’ (ಗೋಲು ಬಿಟ್ಟು ಮುಂದೆ ಓಡಿ ಬರುವ ಗುಣ) ಕೂಡ. ಆಮೇಲೆ ಅಂಥ ಒಂದು ಗೋಲನ್ನು ರೀಪ್ಲೇಯಲ್ಲಿ ಹಾಕಿ, ನಮ್ಮವರ ಕಾಲಿನಿಂದ ಚೆಂಡು ತಪ್ಪುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸು. ಉದ್ದ ಪಾಸ್ ಬರುವಾಗ ನಿಲ್ಲಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಕೆಲಸ ಕೆಟ್ಟಿರ್ತದೆ. ಚೆಂಡಿನ ಹಿಂದೆ ನಮ್ಮವರು ಎಷ್ಟು ಜನ ಉಳಿದಿದ್ದಾರೆ, ಎಲ್ಲಿ ನಿಂತಿದ್ದಾರೆ ನೋಡು.

ಉಪ್ಪಳ_ಎಡಬದಿ
20ರ ಅಳತೆಯಲ್ಲಿ ಪೇಸ್ 10 ಮತ್ತು 11, ಆ್ಯಕ್ಸಲರೇಶನ್ 10 ಇಬ್ಬರದ್ದೂ, ಆ್ಯಂಟಿಸಿಪೇಶನ್ 12 ಮತ್ತು 13. ಗೋಲಿಯ ರಶಿಂಗ್ ಔಟ್ 8. ನೀವು ಹೇಳಿದ ಹಾಗೆ ನಿಲ್ಲಿಸಿ ನೋಡಿದೆ ಅಣ್ಣ. ಹಿಂದೆ ಇಬ್ಬರು ಸ್ಟಾಪರ್ ಮಾತ್ರ, ಅವರೂ ಮಧ್ಯರೇಖೆಯ ಮೇಲೆ. ವಿಂಗ್ ಬ್ಯಾಕ್ ಇಬ್ಬರೂ ಎದುರಾಳಿಯ ಕಾರ್ನರ್ ಹತ್ತಿರ. ಮೆಜ್ಜಾಲ ಬಾಕ್ಸಿನ ಬಾಯಲ್ಲಿ. ಬಾಕ್ಸ್ ಟು ಬಾಕ್ಸ್‌ನವ ಹಿಂದಕ್ಕೆ ಓಡುತ್ತಿದ್ದಾನೆ, ಕಂಡಿಶನ್‌ (ಉಳಿದಿರುವ ಶಕ್ತಿ) ತೋರಿಸುವ ಹೃದಯದ ಗುರುತು ಕಿತ್ತಳೆ ಬಣ್ಣಕ್ಕೆ ತಿರುಗಿದೆ.

ಕುಂಬ್ಳೆ_ಸ್ಟಾಪರ್
ಕಾರಣ ಅದೇ. ಮಧ್ಯರೇಖೆಯಿಂದ ನಮ್ಮ ಗೋಲಿನವರೆಗೆ ಐವತ್ತು ಮೀಟರ್ ಖಾಲಿ, ಅದನ್ನು ಕಾಯುವವರು ಪೇಸ್ 10ರ ಇಬ್ಬರು. ಕೊಯ್ಲಾದ ಗದ್ದೆಯ ಸೆವೆನ್ಸ್‌ನಲ್ಲಿ (ಏಳು ಜನರ ಆಟ) ಎಲ್ಲರೂ ಮುಂದೆ ನುಗ್ಗಿ ಒತ್ತಿದರೂ ನಡೀತದೆ, ಯಾಕೆಂದರೆ ಬೆನ್ನ ಹಿಂದೆ ಅಷ್ಟು ಜಾಗವೇ ಇಲ್ಲ. ಹನ್ನೊಂದರ ಆಟದಲ್ಲಿ ಹಾಗಲ್ಲ.

60ರವರೆಗೆ ಯಾಕೆ ಬಚಾವ್? ಮುಂದಿನ ನಾಲ್ವರ ಪ್ರೆಸ್ ಗಟ್ಟಿ ಇರುವವರೆಗೆ ಎದುರಾಳಿಗೆ ತಲೆ ಎತ್ತಿ ಉದ್ದ ಪಾಸ್ ಕೊಡಲು ಪುರುಸೊತ್ತಿಲ್ಲ. ಕಂಡಿಶನ್ ಇಳಿದ ಮೇಲೆ ಪ್ರೆಸ್ ಅರೆಮನಸ್ಸಿನದ್ದಾಗ್ತದೆ, ಆದರೆ ಲೈನ್ ಮಾತ್ರ ಅಲ್ಲೇ ಮೇಲೆ ನಿಂತಿರ್ತದೆ. ಒತ್ತಡವಿಲ್ಲದ ಪಾಸ್, ನಿಧಾನದ ಸ್ಟಾಪರ್, ಹೊರಗೆ ಬಾರದ ಗೋಲಿ: ಮೂರೂ ಒಟ್ಟಾದರೆ ಗೋಲು ಬಿದ್ದಂತೆಯೇ.

ಈ ಕ್ರಮದಲ್ಲಿ ಹೋಗು:

1. ಮೆಜ್ಜಾಲ ತೆಗೆದು ಸೆಂಟ್ರಲ್ ಮಿಡ್‌ಫೀಲ್ಡರ್ ಡಿಫೆಂಡ್ ಹಾಕು. ನಿನ್ನ ತಂಡದಲ್ಲಿ ಏಳು ಜನಕ್ಕೆ ಅಟ್ಯಾಕ್ ಡ್ಯೂಟಿ ಉಂಟು, ಸ್ಟಾಪರ್‌ಗಳ ಮುಂದೆ ನಿಲ್ಲುವವ ಒಬ್ಬನೂ ಇಲ್ಲ. ಎಲ್ಲಕ್ಕಿಂತ ದೊಡ್ಡ ತೂತು ಇದು.

2. ಎಡಬದಿಯವನಿಗೆ ಫುಲ್ ಬ್ಯಾಕ್ ಸಪೋರ್ಟ್ ಕೊಡು. ಬಲಬದಿಯವ ಮುಂದೆ ಹೋಗಲಿ, ಆದರೆ ವಿಂಗ್ ಬ್ಯಾಕ್ ಸಪೋರ್ಟ್ ಸಾಕು. ದಾಳಿಯ ಹೊತ್ತಿಗೂ ಹಿಂದೆ ಕನಿಷ್ಠ ಮೂವರು ಉಳೀಬೇಕು.

3. ಲೈನ್ ‘ಸ್ಟ್ಯಾಂಡರ್ಡ್’, ‘ಸ್ಟೆಪ್ ಅಪ್ ಮೋರ್’ ತೆಗೆ. ಲೈನ್ ಇಳಿಸಿ ಹೈ ಪ್ರೆಸ್ ಹಾಗೇ ಬಿಟ್ಟರೆ ನಡುವೆ ಸೀಳು ಬೀಳ್ತದೆ, ಎದುರಾಳಿಯ ಮಿಡ್‌ಫೀಲ್ಡರ್ ಅಲ್ಲಿ ಆರಾಮವಾಗಿ ತಿರುಗ್ತಾನೆ. ಹಾಗಾಗಿ ಮಿಡ್ ಬ್ಲಾಕ್‌ಗೂ (ಮೈದಾನದ ನಡುವಿನಿಂದ ಪ್ರೆಸ್) ಬಾ. ಎರಡನ್ನೂ ಒಟ್ಟಿಗೇ ಇಳಿಸಬೇಕು.

4. ತಂಡದ ಟ್ರಿಗರ್ ಪ್ರೆಸ್ ಅನ್ನು ‘ಸ್ಟ್ಯಾಂಡರ್ಡ್’ ಮಾಡಿ, ಮುಂದಿನ ನಾಲ್ವರಿಗೆ ಮಾತ್ರ ಪ್ಲೇಯರ್ ಇನ್‌ಸ್ಟ್ರಕ್ಷನ್‌ನಲ್ಲಿ ಹೆಚ್ಚಿಸು. ವರ್ಕ್ ರೇಟ್, ಟೀಮ್‌ವರ್ಕ್, ಸ್ಟ್ಯಾಮಿನಾ ಕಡಿಮೆ ಇರುವವನಿಗೆ ಅದೂ ಬೇಡ.

5. ಗೋಲಿಗೆ ರಶಿಂಗ್ ಔಟ್ 8 ಇರುವಾಗ ಸ್ವೀಪರ್ ಕೀಪರ್ ಬೇಡವೇ ಬೇಡ. ಮಾಮೂಲಿ ಗೋಲ್‌ಕೀಪರ್ ಡಿಫೆಂಡ್ ಹಾಕು.

ಮೆಂಟಾಲಿಟಿ ‘ಪಾಸಿಟಿವ್’ಗೆ ತಾ. ಮೆಂಟಾಲಿಟಿ ಏರಿಸಿದಾಗ ಟೆಂಪೋ, ಲೈನ್, ಎಲ್ಲರ ಮುನ್ನುಗ್ಗುವಿಕೆ ಒಳಗಿಂದೊಳಗೆ ಏರ್ತದೆ. ಅದರ ಮೇಲೆ ಮತ್ತೆ ಕೈಯಾರೆ ‘ಮಚ್ ಹೈಯರ್’ ಕೊಟ್ಟರೆ ಒಂದೇ ಮದ್ದನ್ನು ಎರಡು ಸಲ ಕುಡಿಸಿದ ಹಾಗೆ.

ಪೆರ್ಲ_8
ಇದಕ್ಕೆ ಒಂದು ಮಾತು ಸೇರಿಸ್ತೇನೆ. ಐದನ್ನೂ ಒಂದೇ ದಿನ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ. ಸೇವ್‌ನ ಪ್ರತಿ ಮಾಡಿಟ್ಟುಕೊಳ್ಳಿ. ಮೊದಲು 1 ಮತ್ತು 2 ಮಾತ್ರ ಬದಲಿಸಿ ಹತ್ತು ಪಂದ್ಯ ಆಡಿ. ಆಮೇಲೆ ಡೇಟಾ ಹಬ್‌ನಲ್ಲಿ ಎದುರಾಳಿಗಳ ಎಕ್ಸ್‌ಜಿ (ಸಿಕ್ಕ ಅವಕಾಶಗಳಿಂದ ನಿರೀಕ್ಷಿಸಬಹುದಾದ ಗೋಲು) ಪಂದ್ಯಕ್ಕೆ ಸರಾಸರಿ ಎಷ್ಟಾಯಿತು, ಮೊದಲು ಎಷ್ಟಿತ್ತು, ಹೋಲಿಸಿ. ಒಂದೇ ಪಂದ್ಯವನ್ನು ಮತ್ತೆ ಮತ್ತೆ ಲೋಡ್ ಮಾಡಿದರೆ ಒಮ್ಮೆ 3-0, ಒಮ್ಮೆ 0-1 ಬರ್ತದೆ, ಅದರಿಂದ ಏನನ್ನೂ ತೀರ್ಮಾನಿಸಬಾರದು.

ಬೇಗ ತಿಳೀಬೇಕಾದರೆ ಪ್ರತಿ ಮಾಡಿದ ಸೇವ್‌ನಲ್ಲಿ ಹಾಲಿಡೇ ಹೋಗಿ (ನೀವಿಲ್ಲದೆ ಗೇಮ್ ತಾನೇ ಮುಂದೆ ಓಡುವ ವ್ಯವಸ್ಥೆ), ‘ಯೂಸ್ ಕರೆಂಟ್ ಟ್ಯಾಕ್ಟಿಕ್ಸ್ ವೆನ್ ಪಾಸಿಬಲ್’ ಗುರುತು ಹಾಕಿ. ಆಗ ಪಂದ್ಯದ ನಡುವಿನ ನಿಮ್ಮ ಬದಲಾವಣೆಗಳು ಲೆಕ್ಕಕ್ಕೆ ಬರುವುದಿಲ್ಲ, ಟ್ಯಾಕ್ಟಿಕ್‌ನ ನಿಜವಾದ ಬಲ ಕಾಣ್ತದೆ.

ಟ್ಯಾಕ್ಟಿಕ್ ಸ್ಲಾಟ್ ಮೂರುಂಟಲ್ಲ, ಮೂರಕ್ಕೂ ಬೇರೆ ಬೇರೆ ಶೈಲಿ ತುಂಬಿಸಬೇಡಿ. ಒಂದರಲ್ಲಿ ಶಾರ್ಟ್ ಪಾಸ್, ಇನ್ನೊಂದರಲ್ಲಿ ಲಾಂಗ್ ಬಾಲ್ ಇದ್ದರೆ ಹುಡುಗರು ಯಾವುದನ್ನೂ ಪೂರ್ತಿ ಕಲಿಯುವುದಿಲ್ಲ, ಫೆಮಿಲಿಯಾರಿಟಿಯ (ಟ್ಯಾಕ್ಟಿಕ್ ಎಷ್ಟು ರೂಢಿಯಾಗಿದೆ ಎಂಬುದರ) ಪಟ್ಟಿ ಅರ್ಧದಲ್ಲೇ ನಿಲ್ತದೆ. ಎರಡನೇ ಸ್ಲಾಟ್‌ನಲ್ಲಿ ಅದೇ ಟ್ಯಾಕ್ಟಿಕ್, ಲೈನ್ ಮತ್ತು ಟೆಂಪೋ ಮಾತ್ರ ಒಂದೊಂದು ಮೆಟ್ಟಿಲು ಕೆಳಗೆ. ಮುನ್ನಡೆ ಇದ್ದರೆ 65ಕ್ಕೆ ಅದಕ್ಕೆ ಬದಲಿಸಿ, ಅದೇ ಹೊತ್ತಿಗೆ ಇಬ್ಬರು ಮಿಡ್‌ಫೀಲ್ಡರ್‌ಗಳಲ್ಲಿ ದಣಿದವನನ್ನು ಇಳಿಸಿ. ಸ್ಟ್ರೈಕರ್‌ನನ್ನು ಬದಲಿಸುವುದು ಆಮೇಲೆ.

ಬದಿಯಡ್ಕ_ಅಕಾಡೆಮಿ
ವಿಂಗರ್‌ನ ವಿಷಯ ನಾನು ಹೇಳ್ತೇನೆ. ಅವನ ಪರ್ಸನಾಲಿಟಿ ಏನು, ಎಷ್ಟು ನಿಮಿಷ ಆಡಿದ್ದಾನೆ, ಇಂಡಿವಿಜುವಲ್ ಟ್ರೇನಿಂಗ್‌ನಲ್ಲಿ ಏನೆಲ್ಲ ಹಾಕಿದ್ದೀರಿ?

ಉಪ್ಪಳ_ಎಡಬದಿ
ಪರ್ಸನಾಲಿಟಿ ‘ಕ್ಯಾಶುಯಲ್’. ಬೆಂಚಿನಿಂದ ಕೊನೆಯ ಹದಿನೈದು ನಿಮಿಷ ಇಳಿಸ್ತೇನೆ. ಟ್ರೇನಿಂಗ್‌ನಲ್ಲಿ ವಿಂಗರ್ ರೋಲ್, ಕ್ವಿಕ್‌ನೆಸ್ ಫೋಕಸ್, ಬಲಗಾಲು ಸುಧಾರಿಸುವುದು, ಸ್ಟ್ರೈಕರ್ ಪೊಸಿಶನ್ ಕಲಿಸುವುದು. ಇಂಟೆನ್ಸಿಟಿ ಡಬಲ್.

ಬದಿಯಡ್ಕ_ಅಕಾಡೆಮಿ
ತುಂಬಾ ಹೇರಿದ್ದೀರಿ. ವರ್ಕ್‌ಲೋಡ್ ‘ಹೆವಿ’ ತೋರಿಸ್ತಿರಬೇಕು, ನೋಡಿ. ಬಲಗಾಲು, ಹೊಸ ಪೊಸಿಶನ್ ಇವೆರಡೂ ಅವನ ಕರೆಂಟ್ ಎಬಿಲಿಟಿಯನ್ನೇ (ಈಗಿನ ಒಟ್ಟು ಸಾಮರ್ಥ್ಯದ ಅಂಕ) ತಿನ್ನುವಂಥವು. ಆ ಅಂಕ 200ರ ಅಳತೆಯದ್ದು, ಒಳಗೇ ಅಡಗಿರ್ತದೆ. ಬೆಳವಣಿಗೆ ಅಲ್ಲಿಗೆ ಹರಿದರೆ ಡ್ರಿಬ್ಲಿಂಗ್, ಕ್ರಾಸಿಂಗ್‌ಗೆ ಉಳಿಯುವುದು ಕಡಿಮೆ. ಕ್ವಿಕ್‌ನೆಸ್ ಒಂದನ್ನು ಇಟ್ಟು ಉಳಿದದ್ದು ತೆಗೀರಿ. ಪಂದ್ಯದಲ್ಲಿ ಇನ್‌ಸೈಡ್ ಫಾರ್ವರ್ಡ್ ಆಡಿಸುವುದಾದರೆ ಟ್ರೇನಿಂಗ್ ರೋಲ್ ಕೂಡ ಅದೇ ಇರಲಿ. ಡಬಲ್ ಇಂಟೆನ್ಸಿಟಿ ಬೇಡ, ಗಾಯದ ಅಪಾಯ ಹೆಚ್ಚು.

ಹದಿನೆಂಟು ದಾಟಿದ ಮೇಲೆ ಟ್ರೇನಿಂಗ್‌ನಷ್ಟೇ, ಅದಕ್ಕಿಂತಲೂ ಹೆಚ್ಚಾಗಿ, ಪಂದ್ಯ ಬೇಕು. ಕೊನೆಯ ಹದಿನೈದು ನಿಮಿಷದಲ್ಲಿ ಹುಡುಗ ಬೆಳೆಯುವುದಿಲ್ಲ. ಲೋನ್‌ಗೆ ಕಳಿಸಿ. ಕಳಿಸುವ ಮೊದಲು ಮೂರು ನೋಡಿ: ಒಪ್ಪಂದದಲ್ಲಿ ಆಡುವ ಅವಕಾಶ ‘ರೆಗ್ಯುಲರ್ ಸ್ಟಾರ್ಟರ್’ ಇರಬೇಕು, ಆ ಕ್ಲಬ್ಬಿನ ಟ್ರೇನಿಂಗ್ ಸೌಲಭ್ಯ ನಿಮ್ಮದಕ್ಕಿಂತ ತೀರಾ ಕೆಳಗಿರಬಾರದು, ಹಿಂದಕ್ಕೆ ಕರೆಸಿಕೊಳ್ಳುವ ಷರತ್ತು ಇರಬೇಕು.

ಆದರೆ ‘ಕ್ಯಾಶುಯಲ್’ ಅಂದರೆ ಪ್ರೊಫೆಶನಲಿಸಂ ಕಡಿಮೆ ಎಂದೇ ಅರ್ಥ. ಅದು ಸರಿಯಾಗದೆ ಬೇರೆ ಏನು ಮಾಡಿದರೂ ಅರ್ಧ ಫಲ. ಹಾಗಾಗಿ ಜನವರಿವರೆಗೆ ಇಲ್ಲೇ ಇಟ್ಟು ಮೆಂಟರಿಂಗ್‌ಗೆ ಹಾಕಿ, ಆಮೇಲೆ ಲೋನ್. ಗುಂಪಿಗೆ ಕನಿಷ್ಠ ಮೂವರು ಬೇಕು. ‘ಪ್ರೊಫೆಶನಲ್’ ಅಥವಾ ‘ಮಾಡೆಲ್ ಪ್ರೊಫೆಶನಲ್’ ಹಿರಿಯರಿಬ್ಬರು, ಇವನೊಬ್ಬ. ಹಿರಿಯರಿಗೆ ಡ್ರೆಸ್ಸಿಂಗ್ ರೂಮಿನಲ್ಲಿ ತೂಕ ಇರಬೇಕು, ಟೀಮ್ ಲೀಡರ್ ಆದರೆ ಒಳ್ಳೆಯದು. ಇನ್ನೊಬ್ಬ ಸಡಿಲ ಹುಡುಗನನ್ನು ಅದೇ ಗುಂಪಿಗೆ ತುರುಕಬೇಡಿ. ಹಿರಿಯರ ಆಟದ ಅಭ್ಯಾಸಗಳೂ ಇವನಿಗೆ ದಾಟಬಹುದು. ‘ದೂರದಿಂದ ಶಾಟ್ ಹೊಡೆಯುವ’ ಟ್ರೇಟ್ ಇರುವವನ ಜೊತೆ ಹಾಕಿದರೆ ನಿಮ್ಮ ವಿಂಗರ್ 30 ಮೀಟರ್‌ನಿಂದ ಹೊಡೆಯಲು ಕಲಿತು ಬರ್ತಾನೆ.

ಕೆಂಪು ಬಾಣಕ್ಕೆ ಹೆದರಬೇಡಿ. ತೆರೆಯಲ್ಲಿ 12 ಎಂದು ಕಾಣುವ ಅಂಕೆಯೊಳಗೆ ಇನ್ನೂ ಸೂಕ್ಷ್ಮ ಅಳತೆ ಉಂಟು, ಸಣ್ಣ ಇಳಿಕೆಗೂ ಬಾಣ ಬರ್ತದೆ.

ಪೆರ್ಲ_8
ಸ್ಟಾರ್ ಬಗ್ಗೆಯೂ ತಿಳಿದಿರಲಿ. ಅದು ಕೋಚ್‌ನ ಅಂದಾಜು, ಅದೂ ನಿಮ್ಮ ತಂಡದವರಿಗೆ ಹೋಲಿಸಿ ಕೊಟ್ಟದ್ದು. ಎಡಿಟರ್ ತೆರೆದು ಪೊಟೆನ್ಶಿಯಲ್ ನೋಡಿ ಆಮೇಲೆ ನಿರ್ಧರಿಸುವುದು ಒಳ್ಳೆಯದಲ್ಲವಾ?

ಬದಿಯಡ್ಕ_ಅಕಾಡೆಮಿ
ನನಗೆ ಒಪ್ಪಿಗೆ ಇಲ್ಲ. ಪೊಟೆನ್ಶಿಯಲ್ ಎಂದರೆ ಮೇಲಿನ ಗಡಿ ಮಾತ್ರ, ಅಲ್ಲಿಗೆ ಮುಟ್ಟಿಯೇ ಮುಟ್ಟುತ್ತಾನೆಂಬ ಮಾತಲ್ಲ. ಎಷ್ಟೋ ಎಳೆಯರಿಗೆ ಡೇಟಾಬೇಸ್‌ನಲ್ಲಿ ನಿಗದಿತ ಅಂಕವೂ ಇಲ್ಲ, ಮೈನಸ್ ಸಂಖ್ಯೆ ಇರ್ತದೆ. -9 ಎಂದಿದ್ದರೆ ಹೊಸ ಸೇವ್ ಶುರುವಾಗುವಾಗ 150ರಿಂದ 180ರೊಳಗೆ ಯಾವುದೋ ಒಂದು ಬೀಳ್ತದೆ. ಒಬ್ಬರ ಸೇವ್‌ನಲ್ಲಿ ಮಿಂಚಿದ ಹುಡುಗ ಇನ್ನೊಬ್ಬರಲ್ಲಿ ಸಾಧಾರಣ ಆಗುವುದು ಹಾಗೆ. ಪರ್ಸನಾಲಿಟಿ ನೋಡಿ ಆರಿಸಿ, ಅದು ಹೆಚ್ಚು ನಂಬಿಕೆಯದ್ದು.

ಉಪ್ಪಳ_ಎಡಬದಿ
1, 2, 3 ಮಾಡಿ ಆಡಿದೆ. ಉದ್ದ ಪಾಸಿನ ಗೋಲು ನಿಂತಿತು, ಎದುರಾಳಿಯ ಎಕ್ಸ್‌ಜಿಯೂ ಇಳಿಯಿತು. ಆದರೆ ಈಗ ಎಡಬದಿಯಿಂದ ಕ್ರಾಸ್ ಬಂದು ತಲೆಯಲ್ಲಿ ಹೊಡೀತಾರೆ.

ಕುಂಬ್ಳೆ_ಸ್ಟಾಪರ್
ಲೈನ್ ಇಳಿದಾಗ ಎದುರಾಳಿ ಬದಿಗೆ ಹೋಗುವುದು ಸಹಜ. ಎಡದ ಇನ್‌ಸೈಡ್ ಫಾರ್ವರ್ಡ್ ಇನ್ನೂ ಅಟ್ಯಾಕ್‌ನಲ್ಲೇ ಇದ್ದಾನಲ್ಲ, ಅವ ಹಿಂದೆ ಬರುವುದು ತಡ, ನಿನ್ನ ಫುಲ್ ಬ್ಯಾಕ್ ಇಬ್ಬರ ಎದುರು ಒಬ್ಬನೇ ಆಗ್ತಾನೆ. ಅವನನ್ನು ಸಪೋರ್ಟ್ ಮಾಡು.

ಆಮೇಲೆ ಸ್ಟಾಪರ್‌ಗಳ ಜಂಪಿಂಗ್ ರೀಚ್ ನೋಡು. ಎತ್ತರವೂ ಅದರೊಳಗೇ ಸೇರಿದೆ, ಪ್ರತ್ಯೇಕ ಲೆಕ್ಕ ಬೇಡ. ಇಬ್ಬರದ್ದೂ 14-15 ಇದ್ದು ಹೆಡಿಂಗ್ ಕೂಡ ಚೆನ್ನಾಗಿದ್ದರೆ ‘ಟ್ರ್ಯಾಪ್ ಔಟ್‌ಸೈಡ್’ (ಎದುರಾಳಿಯನ್ನು ಬದಿಗೆ ತಳ್ಳುವುದು) ಜೊತೆ ‘ಇನ್ವೈಟ್ ಕ್ರಾಸಸ್’, ಬರಲಿ ಬಿಡು. 11-12 ಮಾತ್ರ ಇದ್ದರೆ ‘ಟ್ರ್ಯಾಪ್ ಇನ್‌ಸೈಡ್’, ‘ಸ್ಟಾಪ್ ಕ್ರಾಸಸ್’. ಈಗ ನಡುವೆ ಡಿಫೆಂಡ್ ಡ್ಯೂಟಿಯವ ಇರುವುದರಿಂದ ಒಳಗೆ ತಳ್ಳಿದರೂ ಅಪಾಯವಿಲ್ಲ.

ಕಾರ್ನರ್‌ನಿಂದಲೂ ಬೀಳುವುದಾದರೆ ಎದುರಾಳಿಯ ಅತ್ಯುತ್ತಮ ಹೆಡರ್‌ಗೆ ನಮ್ಮ ಎತ್ತರದವನನ್ನೇ ಮ್ಯಾನ್ ಮಾರ್ಕ್ ಹಾಕು. 2016ರ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ತೃಕ್ಕರಿಪುರದ ಮುಹಮ್ಮದ್ ರಫಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದದ್ದು ಕಾರ್ನರ್‌ನಿಂದ ಬಂದ ಚೆಂಡನ್ನೇ, ತಲೆಯಲ್ಲಿ. ಅಂಥವನನ್ನು ಝೋನಲ್‌ನಲ್ಲಿ (ಆಳಿನ ಬದಲು ಜಾಗ ಕಾಯುವ ಕ್ರಮ) ಸುಮ್ಮನೆ ಓಡಲು ಬಿಡಬಾರದು.

ಪೆರ್ಲ_8
ಇದನ್ನು ಓದಿ ಎಫ್‌ಎಂ 26ರಲ್ಲಿ ಮಾಡಲು ಹೊರಟವರಿಗೆ: ಅಲ್ಲಿ ಡ್ಯೂಟಿಗಳೇ ಇಲ್ಲ, ಚೆಂಡು ಇದ್ದಾಗ ಒಂದು ಫಾರ್ಮೇಶನ್, ಇಲ್ಲದಾಗ ಇನ್ನೊಂದು. 1, 2ನೇ ಹೆಜ್ಜೆಯ ಕೆಲಸವನ್ನು ಅಲ್ಲಿ ರೋಲ್ ಆರಿಸುವಾಗಲೇ ಮಾಡಬೇಕು. ಟ್ರೇನಿಂಗ್, ಲೋನ್ ಬಗ್ಗೆ ಹೇಳಿದ್ದನ್ನು ಅಲ್ಲಿಯೂ ಪಾಲಿಸಬಹುದು.