ಮೈಸೂರಿನಲ್ಲಿ ಅರ್ಧ ಗಂಟೆ ಸುಮ್ನೆ ಕೂರುವ ಜಾಗ ಎಲ್ಲಿದೆ?

ನಮ್ಮದು ಕೂಡು ಕುಟುಂಬ. ಆಫೀಸಿನಲ್ಲಿ ಇಡೀ ದಿನ ಗ್ರಾಹಕರ ಜೊತೆ ಮಾತು. ಯಾರ ಮೇಲೂ ಬೇಸರವಿಲ್ಲ, ಆದರೆ ಸಂಜೆ ಹೊತ್ತಿಗೆ ಇನ್ನೊಂದು ಮಾತೂ ಬೇಡ ಅನಿಸುತ್ತದೆ. ಟ್ರಿಪ್ ಹೋಗುವಷ್ಟು ಪುರುಸೊತ್ತಿಲ್ಲ. ಮೈಸೂರಿನಲ್ಲೇ ಹೆಣ್ಣುಮಗಳೊಬ್ಬಳು ನಿಶ್ಚಿಂತೆಯಿಂದ ಒಬ್ಬಳೇ ಕೂರುವಂಥ ಜಾಗ ಇದ್ದರೆ ಹೇಳಿ.

ಉತ್ತರ:
ಕುಕ್ಕರಹಳ್ಳಿ ಕೆರೆಗೆ ಹೋಗಿ ಮೇಡಂ, ಆದರೆ ಹೊತ್ತು ನೋಡಿಕೊಂಡು. ಸಂಜೆ ಪಕ್ಕದ ಸರಸ್ವತಿಪುರಂ ಬಡಾವಣೆಯ ಅರ್ಧ ಜನ ಅಲ್ಲೇ ಇರುತ್ತಾರೆ. 'ಏನು, ಕಾಣೋದೇ ಇಲ್ಲ' ಅಂತ ಒಬ್ಬರು ನಿಲ್ಲಿಸಿದರೆ ಮುಗೀತು. ಬೆಳಗ್ಗೆ ಬೇಗ ಹೋಗಿ. ಗೇಟಿನ ಹತ್ತಿರದ ಬೆಂಚು ಬಿಟ್ಟು ಸ್ವಲ್ಪ ಮುಂದೆ ನಡೆದು, ದಾರಿಗೆ ಬೆನ್ನು ಹಾಕಿ ನೀರಿನ ಕಡೆ ಮುಖ ಮಾಡಿ ಕೂತರೆ ಯಾರೂ ಮಾತಾಡಿಸುವುದಿಲ್ಲ. ವಾಕಿಂಗ್ ಮಾಡುವವರು ಹಿಂದೆ ಓಡಾಡುತ್ತಲೇ ಇರುತ್ತಾರೆ, ಹಾಗಾಗಿ ಭಯವೂ ಇಲ್ಲ. ನಾನು ನೀರುಕಾಗೆ ನೋಡುತ್ತಾ ಕೂರುತ್ತೇನೆ. ಮುಳುಗಿ ಮೀನು ಹಿಡಿದ ಮೇಲೆ ಅದರ ಪುಕ್ಕ ನೆಂದಿರುತ್ತದೆ. ಒಣ ಕೊಂಬೆ ಮೇಲೆ ಎರಡೂ ರೆಕ್ಕೆ ಬಿಚ್ಚಿಕೊಂಡು ಬಿಸಿಲಿಗೆ ನಿಲ್ಲುತ್ತದೆ, ಆಗಾಗ ಕತ್ತು ಮಾತ್ರ ತಿರುಗಿಸುತ್ತದೆ. ನೋಡ್ತಾ ನೋಡ್ತಾ ತಲೆಯೊಳಗಿನ ಗಲಾಟೆ ತಾನಾಗೇ ಇಳಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಊರೊಳಗೆ ಇನ್ನೂ ಇಷ್ಟು ನೀರು ಉಳಿದಿರುವುದು ನಮ್ಮ ಪುಣ್ಯ.

ಇನ್ನೊಬ್ಬರು:
ಕಾರಂಜಿ ಕೆರೆಯೂ ಚೆನ್ನಾಗಿದೆ. ಟಿಕೆಟ್ ಇದೆ, ಮಂಗಳವಾರ ರಜೆ. ಭಾನುವಾರ ಬೇಡವೇ ಬೇಡ. ಚಾಮುಂಡಿ ಬೆಟ್ಟದ ಮೆಟ್ಟಿಲು ವಾರದ ದಿನಗಳಲ್ಲಿ ಸರಿ, ಆಷಾಢ ಶುಕ್ರವಾರ ಆ ಕಡೆ ತಲೆ ಹಾಕಬೇಡಿ.

ಮಂಡ್ಯದಿಂದ:
ನಾನು ದಿನಾ ಮೈಸೂರಿಗೆ ಟ್ರೈನಿನಲ್ಲಿ ಓಡಾಡುವವನು. ಜಾಗ ಹುಡುಕುವುದಕ್ಕಿಂತ ಮನೆಯವರಿಗೆ ಹೇಳುವುದೇ ಕಷ್ಟ ಅಕ್ಕ. ಹೇಳದೆ ಸುಮ್ಮನಾದರೆ 'ಏನಾಯ್ತು, ಯಾರಾದ್ರೂ ಏನಾದ್ರೂ ಅಂದ್ರಾ?' ಅಂತ ಇನ್ನೂ ಜಾಸ್ತಿ ಪ್ರಶ್ನೆ. ನಾನು ಅಮ್ಮನಿಗೆ ಬಿಡಿಸಿ ಹೇಳಿದೆ: ಬಂದ ತಕ್ಷಣ ಕಾಫಿ ಹಿಡಿದು ತಾರಸಿಗೆ ಹೋಗ್ತೀನಿ, ಇಳಿದು ಬಂದ ಮೇಲೆ ಎಲ್ಲಾ ಮಾತಾಡೋಣ. ಮೊದಮೊದಲು ಮುಖ ಸಣ್ಣ ಮಾಡಿಕೊಂಡರು. ಈಗ ಅವರೇ ಲೋಟ ಕೈಗಿಟ್ಟು, ಹಿಂದೆ ಓಡಿ ಬರುವ ಮಕ್ಕಳನ್ನು ತಡೆಯುತ್ತಾರೆ. ಟ್ರೈನಿನಲ್ಲೂ ಅಷ್ಟೇ. ಬೆಳಗ್ಗೆ ಸ್ನೇಹಿತರ ಜೊತೆ ಹರಟೆ, ಸಂಜೆ ಬೇರೆ ಬೋಗಿ. ಅವರಿಗೂ ಹೇಳಿಬಿಟ್ಟಿದ್ದೇನೆ, ಯಾರೂ ತಪ್ಪು ತಿಳಿಯಲಿಲ್ಲ. ದಸರಾ ಸಮಯದಲ್ಲಿ ಮಾತ್ರ ಟ್ರೈನಿನಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ, ಮೈಸೂರಿನಲ್ಲಂತೂ ಕೇಳಲೇಬೇಡಿ. ಆ ಹತ್ತು ದಿನ ತಾರಸಿಯನ್ನೇ ನೆಚ್ಚಿಕೊಳ್ಳಿ.