ಅಪ್‌ಡೇಟ್: ಚಿಂಕ್ವೆ ತೆರ್ರೆಯನ್ನು ಒಬ್ಬಳೇ ನೋಡಿ ಬಂದೆ

ಇಟಲಿಯ ಚಿಂಕ್ವೆ ತೆರ್ರೆಯ ಐದೂ ಊರುಗಳನ್ನು ಜುಲೈ ಬಿಸಿಲಿನಲ್ಲಿ ಒಬ್ಬಳೇ ಒಂದೇ ದಿನದಲ್ಲಿ ನೋಡಬಹುದೇ ಎಂದು ಕೇಳಿದ್ದೆ. ನಡಿಗೆಯನ್ನು ಬೆಳಗ್ಗೆಯೇ ಮುಗಿಸಿ ಉಳಿದದ್ದಕ್ಕೆ ರೈಲು ಹಿಡಿಯಿರಿ ಎಂದು ನೀವು ಹೇಳಿದಂತೆಯೇ ಮಾಡಿದೆ.

ಪಕ್ಕದ ಪಟ್ಟಣ ಲಾ ಸ್ಪೆಜಿಯಾದಲ್ಲಿ, ನಡಿಗೆ ಹಾದಿಗಳ ಪ್ರವೇಶದ ಜೊತೆ ರೈಲು ಪ್ರಯಾಣವೂ ಸೇರಿದ ಚಿಂಕ್ವೆ ತೆರ್ರೆ ಕಾರ್ಡ್ ಕೊಂಡು, ಮೊಂತೆರೊಸ್ಸೊದಲ್ಲಿ ಇಳಿದು, ವೆರ್ನಾತ್ಸಾಗೆ ಸುಮಾರು 3.5 ಕಿಲೋಮೀಟರ್ ನಡೆದೆ. ಹಾದಿ ಎಷ್ಟು ಕಿರಿದೆಂದರೆ, ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಗೋಡೆಗೆ ಒರಗಿ ನಿಲ್ಲಬೇಕು. ಹಾಗೆ ನಿಂತಾಗಲೇ ಆ ಗೋಡೆಯನ್ನು ಹತ್ತಿರದಿಂದ ಕಂಡೆ: ಗಾರೆಯ ಸುಳಿವಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಸಂದಿಗೆ ಚಿಕ್ಕ ಚೂರುಗಳನ್ನು ತುಂಬಿದ್ದಾರೆ. ಕಡಿದಾದ ಇಳಿಜಾರಿನ ದ್ರಾಕ್ಷಿತೋಟಗಳ ಮಣ್ಣನ್ನು ಶತಮಾನಗಳಿಂದ ಹಿಡಿದಿಟ್ಟಿರುವುದು ಇಂಥ ಗೋಡೆಗಳೇ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ತೀರದಲ್ಲಿ, ಬಣ್ಣಬಣ್ಣದ ಮನೆಗಳಿಗಿಂತ ಈ ದುಡಿಮೆಯೇ ನನಗೆ ದೊಡ್ಡದಾಗಿ ತೋರಿತು.

ಕೊರ್ನಿಲ್ಯಾ ಸಮುದ್ರಕ್ಕಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ; ನಿಲ್ದಾಣದಿಂದ ಮೇಲೇರುವ ಸುಮಾರು 380 ಮೆಟ್ಟಿಲುಗಳನ್ನು ನಡುಮಧ್ಯಾಹ್ನ ಹತ್ತುವ ಬದಲು ಬಸ್ಸು ಹಿಡಿದೆ. ಮನರೋಲಾದಲ್ಲಿ ಬಂಡೆಗಳ ನಡುವೆ ಈಜಿದೆ, ರಿಯೊಮಜ್ಜೋರೆಯಲ್ಲಿ ಸಂಜೆಯಾಯಿತು.

ಒಬ್ಬರೇ ಹೋಗುವವರು ಧೈರ್ಯವಾಗಿ ಹೋಗಿ; ಕಾಲಿಗೆ ಮಾತ್ರ ಗಟ್ಟಿ ಬೂಟು ಇರಲಿ, ಹವಾಯಿ ಚಪ್ಪಲಿಯಲ್ಲಿ ಆ ಹಾದಿಗಳಿಗೆ ಇಳಿದರೆ ದಂಡ ಬೀಳುತ್ತದೆ.